ಮುನ್ನೂರು ರೂಪಾಯಿಯ ಮೌಸ್

ದೊಡ್ಡಬಳ್ಳಾಪುರದ ನನ್ನ ಅಕ್ಕನ ಮನೆಗೆ ಹೋದರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ಬೀದಿಯ ಎರಡೂ ಬದಿಗೆ ವಿದ್ಯುತ್ ಮಗ್ಗಗಳು. ಆ ಸದ್ದಿನ ನಡುವೆಯೇ ಮಕ್ಕಳು ಓದುತ್ತಾರೆ, ಹೆಂಗಸರು ಮಾತಾಡುತ್ತಾರೆ, ಎಳೆಮಗು ನಿದ್ದೆ ಮಾಡುತ್ತದೆ. 2025ರ ಜನವರಿಯ ಒಂದು ಸಂಜೆ ನಾನು ಹೋದಾಗ ಹೊರಗೆ ಮಗ್ಗ ನಡೆಯುತ್ತಿತ್ತು, ಒಳಗೆ ಮಾತ್ರ ಯಾರ ಬಾಯಲ್ಲೂ ಮಾತಿರಲಿಲ್ಲ. ಅಕ್ಕನ ಮಗಳು ಬೆಂಗಳೂರಿನಲ್ಲಿ ಜೆಇಇ ಮೈನ್ ಪರೀಕ್ಷೆ ಮುಗಿಸಿ ಬಂದು ಮುಸುಕೆಳೆದು ಮಲಗಿದ್ದಳು.

"ಪ್ರಶ್ನೆ ತುಂಬಾ ಕಷ್ಟ ಇತ್ತಾ ಬೇಟಾ?" ಎಂದು ತಲೆ ಸವರಿದೆ.

"ಇಲ್ಲ ಖಾಲಾ, ಗೊತ್ತಿದ್ದದ್ದೇ ಬಂದಿತ್ತು. ಮೌಸ್ ನನ್ನ ಮಾತು ಕೇಳಲಿಲ್ಲ" ಎಂದಳು.

ನನಗೆ ನಗು ಬಂತು. ಆದರೆ ಅವಳ ಕಣ್ಣು ನೋಡಿ ನುಂಗಿಕೊಂಡೆ. ನಿಧಾನವಾಗಿ ಕೇಳಿದಾಗ ಸಂಗತಿ ಹೊರಬಿತ್ತು. ಎರಡು ವರ್ಷದಿಂದ ಅವಳು ಮನೆಯ ಲ್ಯಾಪ್‌ಟಾಪ್‌ನಲ್ಲಿ ಓದಿದ್ದಳು. ಕೀಲಿಮಣೆಯ ಕೆಳಗಿನ ಆ ನುಣುಪಾದ ಚೌಕದ ಮೇಲೆ, ಅಂದರೆ ಟಚ್‌ಪ್ಯಾಡ್‌ನ ಮೇಲೆ, ಬೆರಳು ಆಡಿಸುವುದೇ ಅವಳಿಗೆ ಅಭ್ಯಾಸ. ಪರೀಕ್ಷಾ ಕೇಂದ್ರದಲ್ಲಿ ಇದ್ದದ್ದು ಮೇಜಿನ ಕಂಪ್ಯೂಟರ್ ಮತ್ತು ಮೌಸ್. ಈ ಪರೀಕ್ಷೆಯಲ್ಲಿ ಕೀಲಿಮಣೆ ಮುಟ್ಟುವಂತಿಲ್ಲ. ಉತ್ತರ ಒಂದು ಸಂಖ್ಯೆಯಾದರೆ ಅದನ್ನೂ ಪರದೆಯ ಮೇಲಿನ ಅಂಕಿಗಳನ್ನು ಮೌಸ್‌ನಿಂದ ಒತ್ತಿಯೇ ತುಂಬಬೇಕು. ಪ್ರತಿ ಉತ್ತರದ ಬಳಿಕ 'ಸೇವ್ ಆಂಡ್ ನೆಕ್ಸ್ಟ್' ಎಂಬಲ್ಲಿ ಒತ್ತಬೇಕು. 180 ನಿಮಿಷ, 75 ಪ್ರಶ್ನೆ. ಒಂದಕ್ಕೆ ಎರಡೂವರೆ ನಿಮಿಷವೂ ಸಿಗುವುದಿಲ್ಲ. ಬಾಣದ ಗುರುತು ಬೇಕಾದ ಕಡೆ ನಿಲ್ಲದೆ ಮುಂದೆ ಓಡಿತು. ಮೂರನೆಯ ಆಯ್ಕೆಗೆ ಒತ್ತಲು ಹೋದರೆ ನಾಲ್ಕನೆಯದಕ್ಕೆ ಬಿತ್ತು. ಅದನ್ನು ಅಳಿಸಿ ಸರಿಪಡಿಸುವಷ್ಟರಲ್ಲಿ ಗಾಬರಿ. ಕೊನೆಗೆ ಎಂಟು ಪ್ರಶ್ನೆಗಳನ್ನು ತೆರೆದು ನೋಡುವುದಕ್ಕೂ ಆಗಲಿಲ್ಲ.

ಇಲ್ಲಿ ತಪ್ಪು ಪರೀಕ್ಷೆಯದಲ್ಲ, ನಮ್ಮದು. ಅವಳು ನಾಲ್ಕು ತಿಂಗಳ ಹಿಂದೆಯೇ ಒಂದು ಮೌಸ್ ಬೇಕೆಂದು ಕೇಳಿದ್ದಳಂತೆ. "ಲ್ಯಾಪ್‌ಟಾಪ್‌ನಲ್ಲೇ ಇದೆಯಲ್ಲ, ಅದರ ಮೇಲೆ ಇನ್ನೊಂದು ಯಾಕೆ?" ಎಂದು ಭಾವ ಹೇಳಿದ್ದರು. ಅದೇ ತಿಂಗಳು ಅವಳ ತಮ್ಮನಿಗೆ ಆಟ ಆಡಲು ಹೆಡ್‌ಫೋನ್ ಬಂದಿತ್ತು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿರಲಿಲ್ಲ. ಹುಡುಗ ಹಟ ಮಾಡಿದ, ಹುಡುಗಿ ಒಮ್ಮೆ ಕೇಳಿ ಸುಮ್ಮನಾದಳು. ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದು ಇಷ್ಟೇ.

ಸಹೋದರಿಯರೇ, ಹಾಗಾದರೆ ಟಚ್‌ಪ್ಯಾಡ್ ಕೆಟ್ಟದ್ದೇ? ಮೌಸ್ ಎಲ್ಲರಿಗೂ ಬೇಕೇ? ಎರಡೂ ಅಲ್ಲ. ಎರಡರ ಸ್ವಭಾವವನ್ನು ಸ್ವಲ್ಪ ತಿಳಿದುಕೊಂಡರೆ ಯಾರಿಗೆ ಯಾವುದು ಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಮೌಸ್ ಹಳೆಯದು. ಅಮೆರಿಕದ ಡಗ್ಲಸ್ ಎಂಗೆಲ್‌ಬರ್ಟ್ ಎಂಬವರ ಯೋಚನೆಯಂತೆ 1964ರ ಸುಮಾರಿಗೆ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಮೊದಲ ಮೌಸ್ ಮಾಡಿದರು. ಅದು ಮರದ ಒಂದು ಪುಟ್ಟ ಪೆಟ್ಟಿಗೆ. ಕೆಳಗೆ ಎರಡು ಚಕ್ರ, ಮೇಲೆ ಒಂದು ಗುಂಡಿ. ಬಾಲದಂತೆ ತಂತಿ ಇದ್ದುದರಿಂದ ಇಲಿಯ ಹೆಸರು ಬಂತು. 1968ರ ಡಿಸೆಂಬರ್ 9ರಂದು ಅದನ್ನು ಮೊದಲ ಬಾರಿ ದೊಡ್ಡ ಸಭೆಯ ಮುಂದೆ ತೋರಿಸಿದರು. ಈಗಿನ ಮೌಸ್‌ಗಳ ಅಡಿಯಲ್ಲಿ ಚಕ್ರವಿಲ್ಲ, ಒಂದು ಬೆಳಕು ಮತ್ತು ಒಂದು ಪುಟ್ಟ ಕ್ಯಾಮೆರಾ ಇದೆ. ಅದು ಕೆಳಗಿನ ಮೇಲ್ಮೈಯ ಚಿತ್ರವನ್ನು ಒಂದೇ ಸಮನೆ ತೆಗೆಯುತ್ತಾ ಕೈ ಎತ್ತ ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಆದ್ದರಿಂದಲೇ ಗಾಜಿನ ಮೇಜಿನ ಮೇಲೆ ಸಾಮಾನ್ಯ ಮೌಸ್ ತಡವರಿಸುತ್ತದೆ. ಗಾಜಿನಲ್ಲಿ ಅದಕ್ಕೆ ಗುರುತು ಹಿಡಿಯಲು ಏನೂ ಸಿಗುವುದಿಲ್ಲ.

ಟಚ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆಗೆ ಬಂದದ್ದು 1990ರ ದಶಕದಲ್ಲಿ. ನಮ್ಮ ದೇಹದ ಮೂಲಕ ವಿದ್ಯುತ್ ಹರಿಯಬಲ್ಲದು. ಬೆರಳು ತಾಗಿದ ಕಡೆ ಚೌಕದ ಒಳಗಿನ ವಿದ್ಯುತ್ ಅಂಶದಲ್ಲಿ ಅತಿ ಸಣ್ಣ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸವನ್ನೇ ಅದು ಓದುತ್ತದೆ. ವುಝೂ ಮಾಡಿ ಒದ್ದೆ ಕೈಯಲ್ಲೇ ಮುಟ್ಟಿದರೆ ಬಾಣ ಕುಪ್ಪಳಿಸುವುದು ಇದೇ ಕಾರಣಕ್ಕೆ. ನೀರು ಸಹ ಅದಕ್ಕೆ ಬೆರಳಿನಂತೆಯೇ ಕಾಣುತ್ತದೆ. ಕೈ ಒರೆಸಿಕೊಂಡರೆ ಸರಿಹೋಗುತ್ತದೆ, ರಿಪೇರಿಯವನ ಬಳಿ ಓಡಬೇಕಿಲ್ಲ.

ನಮ್ಮ ಊರುಗಳ ಅನೇಕ ಮನೆಗಳಲ್ಲಿ ಓದಲು ಪ್ರತ್ಯೇಕ ಮೇಜಿಲ್ಲ. ಚಾಪೆಯ ಮೇಲೆ, ದೀವಾನದ ಮೇಲೆ ಕೂತು ಕೆಲಸ. ಅಲ್ಲಿ ಟಚ್‌ಪ್ಯಾಡ್ ಒಂದು ಅನುಕೂಲವೇ ಸರಿ. ಬೇರೆ ವಸ್ತು ಬೇಡ, ಜಾಗ ಬೇಡ, ತಂತಿ ಬೇಡ. ಪತ್ರ ಓದುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬುವುದು, ಮಕ್ಕಳ ಫಲಿತಾಂಶ ನೋಡುವುದು, ಊರಿಂದ ದೂರವಿರುವ ಮಗನ ಜೊತೆ ಮುಖ ನೋಡಿ ಮಾತಾಡುವುದು, ಇವಕ್ಕೆಲ್ಲ ಅದು ಧಾರಾಳ ಸಾಕು. ಎರಡು ಬೆರಳು ಸೇರಿಸಿ ಮೇಲೆ ಕೆಳಗೆ ಸರಿಸಿದರೆ ಪುಟ ಸರಿಯುತ್ತದೆ. ಸಾಮಾನ್ಯವಾಗಿ ಎರಡು ಬೆರಳಲ್ಲಿ ಒಮ್ಮೆ ತಟ್ಟಿದರೆ ಮೌಸ್‌ನ ಬಲಗುಂಡಿಯ ಕೆಲಸ ಆಗುತ್ತದೆ. ಇಷ್ಟು ಕಲಿತರೆ ಅರ್ಧ ತೊಂದರೆ ಕಡಿಮೆ.

ಆದರೆ ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುವವರ ಮಾತೇ ಬೇರೆ. ಮನೆಯಿಂದಲೇ ಡೇಟಾ ಎಂಟ್ರಿ ಮಾಡುವ ಹೆಣ್ಣುಮಕ್ಕಳು, ಅಂಗಡಿಯ ಲೆಕ್ಕ ಬರೆಯುವವರು, ಮದುವೆ ಪತ್ರಿಕೆಯ ವಿನ್ಯಾಸ ಮಾಡುವವರು, ಇವರಿಗೆ ಮೌಸ್ ಬೇಕು. ಒಂದು ಸಾಲನ್ನು ಹಿಡಿದು ಎಳೆಯುವುದು, ಸಣ್ಣ ಜಾಗದಲ್ಲಿ ಗುರಿಯಿಡುವುದು ಅದರಲ್ಲಿ ಸುಲಭ. 2020ರ ಲಾಕ್‌ಡೌನ್‌ನಲ್ಲಿ ದೇವನಹಳ್ಳಿಯ ನನ್ನ ಮನೆಯಿಂದ ಮಕ್ಕಳಿಗೆ ಅರಬಿ ಅಕ್ಷರ ಕಲಿಸಬೇಕಾಗಿ ಬಂದಾಗ ನಾನೂ ಇದನ್ನು ಅನುಭವಿಸಿದೆ. ಟಚ್‌ಪ್ಯಾಡ್‌ನಲ್ಲಿ 'ಜೀಮ್' ಬರೆದರೆ ಅದರ ಹೊಟ್ಟೆ ಅರ್ಧಕ್ಕೇ ಕಡಿಯುತ್ತಿತ್ತು. ಮಕ್ಕಳು ಆ ಕಡಿದ ಅಕ್ಷರವನ್ನೇ ಪಾಟಿಯಲ್ಲಿ ಬರೆದು ತೋರಿಸಿದವು! ಮೌಸ್ ತಂದ ಮೇಲೆ ಜೀಮ್‌ನ ಹೊಟ್ಟೆ ತುಂಬಿತು.

ಈಗ ಭಾವನ ವಿಷಯಕ್ಕೆ ಬರುತ್ತೇನೆ. ಅವರು ಮಗ್ಗದ ಮನುಷ್ಯ. ನಾನು ವಿಜ್ಞಾನ ಹೇಳಲಿಲ್ಲ. "ಭಾಯಿಜಾನ್, ಸೀರೆಯ ಅಂಚಿನ ವಿನ್ಯಾಸ ಮಾಡಿಸಲು ಹೋಗುತ್ತೀರಲ್ಲ, ಅವರು ಯಾವುದರಲ್ಲಿ ಮಾಡುತ್ತಾರೆ?" ಎಂದು ಕೇಳಿದೆ. ಹಿಂದೆ ಚೌಕದ ಕಾಗದದಲ್ಲಿ ಒಂದೊಂದೇ ಮನೆಗೆ ಬಣ್ಣ ತುಂಬಿ ಮಾಡುತ್ತಿದ್ದ ಕೆಲಸ ಈಗ ಕಂಪ್ಯೂಟರ್‌ಗೆ ಬಂದಿದೆ.

"ಮೌಸ್‌ನಲ್ಲಿ" ಎಂದರು.

"ಅಭ್ಯಾಸ ಇಲ್ಲದ ಮಗ್ಗಕ್ಕೆ ನಿಮ್ಮನ್ನು ಕೂರಿಸಿ, ಇವತ್ತೇ ಸೀರೆ ಇಳಿಸಿ ಎಂದರೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಳೆ ಕಡಿಯುತ್ತೆ" ಎಂದರು. ಮರುದಿನ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವಳ ಕೈಗೆ ಹೊಂದುವ ಮೌಸ್ ಕೊಡಿಸಿದರು. ಬೆಲೆ ಮುನ್ನೂರು ರೂಪಾಯಿ.

ಕೊಳ್ಳುವಾಗ ನೆನಪಿಡಬೇಕಾದದ್ದು ಹೆಚ್ಚೇನಿಲ್ಲ. ಮನೆಯಲ್ಲೇ ಬಳಸುವುದಾದರೆ ತಂತಿಯ ಮೌಸ್ ಸಾಕು. ಅದಕ್ಕೆ ಬ್ಯಾಟರಿ ಬೇಡ. ತಂತಿಯಿಲ್ಲದ ಮೌಸ್‌ಗಳಲ್ಲಿ ಹಲವಕ್ಕೆ ಲ್ಯಾಪ್‌ಟಾಪ್‌ಗೆ ಚುಚ್ಚುವ ಉಗುರಿನಷ್ಟು ಚಿಕ್ಕ ತುಂಡೊಂದು ಇರುತ್ತದೆ. ಅದನ್ನು ಮಕ್ಕಳು ಕಳೆದರೆ ಮೌಸ್ ಇದ್ದೂ ಇಲ್ಲದಂತೆ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಬೇಕು. ಗಂಡಸರ ಅಂಗೈಗೆ ಸರಿಹೊಂದುವುದು ಹುಡುಗಿಯ ಕೈಗೆ ದೊಡ್ಡದಾಗಬಹುದು. ಮೇಜಿಲ್ಲದಿದ್ದರೆ ಗಟ್ಟಿ ರಟ್ಟಿನ ನೋಟ್‌ಬುಕ್ ಅಥವಾ ಪರೀಕ್ಷೆಯ ರಟ್ಟು ಸಾಕು. ನನ್ನ ಅಕ್ಕನ ಮನೆಯಲ್ಲಿ ನಾನಿಯವರು ಮೊದಲು ಆ ಪುಸ್ತಕವನ್ನು ತಿರುಗಿಸಿ, ಅದರಲ್ಲಿ ಅರಬಿ ಅಕ್ಷರ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮೌಸ್ ಇಡಲು ಬಿಟ್ಟರು!

ಎಡಗೈ ಬಳಕೆಯ ಮಕ್ಕಳ ಬಗ್ಗೆ ತಾಯಂದಿರು ನನ್ನನ್ನು ಕೇಳುವುದುಂಟು. ಊಟ ಬಲಗೈಯಲ್ಲಿ ಎಂಬುದು ಸುನ್ನತ್, ಅದನ್ನು ಪ್ರೀತಿಯಿಂದ ಕಲಿಸೋಣ. ಆದರೆ ಮೌಸ್ ಒಂದು ಉಪಕರಣ. ಅದನ್ನು ಎಡಗೈಯಲ್ಲಿ ಹಿಡಿದರೆಂದು ಮಗುವನ್ನು ಗದರಿಸಬೇಕಾಗಿಲ್ಲ. ಗುಂಡಿಗಳನ್ನು ಅದಲು ಬದಲು ಮಾಡುವ ಏರ್ಪಾಡು ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲೇ ಇದೆ.

ಇನ್ನು ಕೈನೋವು. ಮೌಸ್ ಬಂದ ಮಾತ್ರಕ್ಕೆ ಕೈ ಉಳಿಯುತ್ತದೆ ಎಂದು ತಿಳಿಯಬೇಡಿ. ದೂರಕ್ಕೆ ಕೈಚಾಚಿ ಮೌಸ್ ಹಿಡಿದರೆ ಭುಜ ನೋಯುತ್ತದೆ. ಟಚ್‌ಪ್ಯಾಡ್ ಮೇಲೆ ಬಾಗಿ ಕೂತರೆ ಕತ್ತು ನೋಯುತ್ತದೆ. ಮೌಸ್ ಲ್ಯಾಪ್‌ಟಾಪ್‌ನ ಮಗ್ಗುಲಲ್ಲೇ ಇರಲಿ, ಮಣಿಕಟ್ಟು ಮೇಲಕ್ಕೆ ಬಗ್ಗದೆ ನೇರವಾಗಿರಲಿ, ಅರ್ಧ ಗಂಟೆಗೊಮ್ಮೆ ಎದ್ದು ಕೈ ಆಡಿಸಿ. ನಾವು ಹೆಂಗಸರು ಹಿಟ್ಟು ಕಲಸಿ, ಬಟ್ಟೆ ಹಿಂಡಿ, ಆ ಮೇಲೆ ಅದೇ ಕೈಯಲ್ಲಿ ಕಂಪ್ಯೂಟರ್‌ಗೆ ಕೂರುವವರು. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗರ್ಭಿಣಿಯರಲ್ಲೂ ಅದು ಕಾಣಿಸಿಕೊಳ್ಳುವುದುಂಟು. ರಾತ್ರಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಎಣ್ಣೆ ತಿಕ್ಕಿಕೊಂಡು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ನಿಂತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿವರ್ಯರು(ಸ) ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ತಿಳಿಸಿಕೊಟ್ಟರು. ಆರಾಧನೆಯಲ್ಲೇ ಶರೀರದ ಹಕ್ಕನ್ನು ಮರೆಯಬಾರದು ಎಂದಮೇಲೆ ಉಳಿದ ಕೆಲಸಗಳಲ್ಲಿ ಮರೆಯಬಹುದೇ?

ಅಕ್ಕನ ಮಗಳು ಆ ರಮಝಾನ್‌ನಲ್ಲಿ ಸಹರಿ ಮುಗಿಸಿ, ಫಜ್ರ್ ನಮಾಝಿನ ಬಳಿಕ ದಿನಾ ಒಂದು ಗಂಟೆ ಮೌಸ್ ಹಿಡಿದು ಕೂತಳು. ಪರೀಕ್ಷೆ ನಡೆಸುವ ಸಂಸ್ಥೆಯ ತಾಣದಲ್ಲೇ ಮಾದರಿ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಕೀಲಿಮಣೆಯ ಮೇಲೆ ಒಂದು ಕರವಸ್ತ್ರ ಹಾಸಿ, ಅದನ್ನು ಮುಟ್ಟದೆ ಅವನ್ನು ಬರೆದಳು. ಈದ್ ಕಳೆದು ಕೆಲವೇ ದಿನಗಳಿಗೆ, ಏಪ್ರಿಲ್‌ನಲ್ಲಿ, ಎರಡನೇ ಸುತ್ತಿನ ಪರೀಕ್ಷೆ. ಅಂಗೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ಸಂಜೆ ಫೋನ್ ಬಂತು. "ಖಾಲಾ, ಎಲ್ಲ ಪ್ರಶ್ನೆಯನ್ನೂ ಓದಿದೆ. ಬಿಟ್ಟದ್ದು ಬರದ ಪ್ರಶ್ನೆಗಳನ್ನು ಮಾತ್ರ."

ಎಷ್ಟು ಅಂಕ ಬಂತು ಎಂಬುದು ಅವಳ ವಿಷಯ, ಇಲ್ಲಿ ಬರೆಯುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಒಂದು ಸಣ್ಣ ವಸ್ತು ಕೇಳಿದಾಗ "ಇದೆಯಲ್ಲ, ಮತ್ತೆ ಯಾಕೆ?" ಎನ್ನುವ ಮೊದಲು, "ಅದರಲ್ಲಿ ನಿನಗೆ ಏನು ತೊಂದರೆ?" ಎಂದು ಒಮ್ಮೆ ಕೇಳಿ ನೋಡೋಣ. ಕೆಲವರಿಗೆ ಟಚ್‌ಪ್ಯಾಡ್ ಸಾಕಾದೀತು, ಕೆಲವರಿಗೆ ಮೌಸ್ ಬೇಕಾದೀತು. ಅದನ್ನು ಹೇಳಬೇಕಾದದ್ದು ದುಡ್ಡು ಕೊಡುವ ಕೈಯಲ್ಲ, ಕೆಲಸ ಮಾಡುವ ಕೈ. ಅಲ್ಲಾಹನು ನಮ್ಮ ಮಕ್ಕಳ ಶ್ರಮವನ್ನು ಸ್ವೀಕರಿಸಲಿ, ಆಮೀನ್.