ತಿದ್ದಿದರೂ ತಿದ್ದದ ಲೆಕ್ಕ

ಒಂದು ರೂಪಾಯಿಯ ವ್ಯತ್ಯಾಸವೂ ಆಡಿಟ್ ಆಕ್ಷೇಪಣೆಗೆ ಸಾಕು. ಅಂಥ ಒಂದು ರೂಪಾಯಿಯ ಬೆನ್ನು ಹತ್ತಿ ನನ್ನ ಶನಿವಾರದ ಮಧ್ಯಾಹ್ನವೆಲ್ಲ ಹಾಳಾದ ಕಥೆಯನ್ನು ವಾಚಕರು ಕೇಳಬೇಕು.

ತುಟ್ಟಿಭತ್ಯದ ಲೆಕ್ಕಕ್ಕೆಂದು ಪೈಥಾನ್ ಭಾಷೆಯಲ್ಲಿ ನಾನೇ ಒಂದು ಪುಟ್ಟ ಪ್ರೋಗ್ರಾಮು ಬರೆದುಕೊಂಡಿದ್ದೆ. 2024ರ ಸೆಪ್ಟೆಂಬರ್ 16ರಂದು ಕೆಲಸಕ್ಕೆ ಸೇರಿದ ಒಬ್ಬ ಹುಡುಗ. ಮೂಲವೇತನ 21,700, ಭತ್ಯ ನೂರಕ್ಕೆ 53, ಆ ತಿಂಗಳಲ್ಲಿ 15 ದಿನ. ಬರುವುದು 5,750 ರೂಪಾಯಿ 50 ಪೈಸೆ. ಐವತ್ತು ಪೈಸೆಯಾದರೆ ಮುಂದಿನ ರೂಪಾಯಿಗೆ ಏರಿಸಬೇಕೆಂಬುದು ನಿಯಮ. ಯಂತ್ರವೋ 5,750 ಎಂದಿತು! ಪೈಥಾನಿನ ‘ರೌಂಡ್’ ಎಂಬುದು, ಸರಿಯಾಗಿ ಅರ್ಧ ಉಳಿದಾಗ, ಹತ್ತಿರದ ಸಮಸಂಖ್ಯೆಯ ಕಡೆಗೆ ವಾಲುತ್ತದೆಯಂತೆ. ಗಣಿತಜ್ಞರಿಗೆ ಅದು ನ್ಯಾಯವಿರಬಹುದು, ಖಜಾನೆಗಲ್ಲ.

ಆ ಸಾಲನ್ನು ತಿದ್ದಿ, ತೆರೆದೇ ಇದ್ದ ಪೈಥಾನಿಗೆ ಕಡತವನ್ನು ‘ರೀಲೋಡ್’ ಮಾಡೆಂದೆ. ಮತ್ತೆ 5,750. ನನ್ನ ತಿದ್ದುಪಡಿಯೇ ತಪ್ಪೆಂದುಕೊಂಡು ಇನ್ನೊಂದು ರೀತಿ ಬರೆದೆ, ಸರಿಯಾಗಿದ್ದುದನ್ನು ಕೆಡಿಸಿದೆ. ಅದಕ್ಕೂ 5,750. ಬೇಸತ್ತು, ಉತ್ತರ ಸೊನ್ನೆಯೇ ಬರುವಂತೆ ಬೇಕೆಂದೇ ಬರೆದೆ. ಆಗಲೂ 5,750! ಆಗ ಕಣ್ಣು ತೆರೆಯಿತು: ಓಡುತ್ತಿರುವುದು ನಾನು ತಿದ್ದಿದ ಸಾಲೇ ಅಲ್ಲ.

ನಿಯಮಾವಳಿಯ ಪುಸ್ತಕಕ್ಕೆ ನಾವು ತಿದ್ದುಪಡಿ ಚೀಟಿ ಅಂಟಿಸುತ್ತೇವೆ. ಆದರೆ ಹಿಂದೆಯೇ ಆ ನಿಯಮವನ್ನು ಡೈರಿಗೆ ಇಳಿಸಿಕೊಂಡ ಮಹನೀಯರು ಹಳೆಯದನ್ನೇ ಓದುತ್ತಾರಲ್ಲವೇ? ನನ್ನ ಫಂಕ್ಷನ್ನನ್ನು ‘ಫ್ರಮ್-ಇಂಪೋರ್ಟ್’ ಎಂದು ಹೆಸರು ಹಿಡಿದು ಹೊರಗೆ ತಂದಿಟ್ಟುಕೊಂಡಿದ್ದೆ. ರೀಲೋಡ್ ಕಡತವನ್ನೇನೋ ಹೊಸದಾಗಿ ಓದಿತು. ಹೊರಗೆ ಬಂದಿದ್ದ ಹೆಸರು ಹಳೆಯ ಫಂಕ್ಷನ್ನನ್ನೇ ಅಪ್ಪಿಕೊಂಡಿತ್ತು. ಹಳೆಯ ಕ್ಲಾಸಿನಿಂದ ಹುಟ್ಟಿದ ವಸ್ತುಗಳಿಗೂ ಇದೇ ಹಟ. ಇನ್ನೊಂದು ಮೋಸವಿದೆ. ದೋಷ ಬಂದಾಗ ಪೈಥಾನು ತೋರಿಸುವ ಸಾಲು ಡಿಸ್ಕಿನ ಮೇಲಿನ ಕಡತದಿಂದ ಎತ್ತಿದ್ದು. ಓಡುವುದು ಹಳೆಯದಾದರೂ ಕಾಣುವುದು ಹೊಸದು. ಇದಕ್ಕಿಂತ ಸುಳ್ಳುಸಾಕ್ಷಿ ಬೇಕೆ?

ಹೆಸರನ್ನು ಹೊರಗೆ ತಾರದೆ, ಪ್ರತಿ ಸಲವೂ ಕಡತದ ಮೂಲಕವೇ ಕರೆದರೆ ರೀಲೋಡಿನ ಬಳಿಕ ಹೊಸ ಫಂಕ್ಷನ್ನೇ ಸಿಗುತ್ತದೆ. ಐಪೈಥಾನಿನ ‘ಆಟೋರೀಲೋಡ್’ ಹಳೆಯವನ್ನೂ ತಿದ್ದಲು ಹೆಣಗುತ್ತದೆ, ಎಲ್ಲಕ್ಕೂ ಅದರ ಕೈ ಎಟಕದು. ನಾನಂತೂ ಮೊದಲ ತಿದ್ದುಪಡಿಯನ್ನೇ ಮರಳಿ ಬರೆದು, ಪೈಥಾನನ್ನು ಮುಚ್ಚಿ ತೆರೆದೆ. 5,751.

ಸೋಮವಾರ ಹಳೆಯ ಬಿಲ್ಲುಗಳನ್ನೂ ತೆಗೆದು ನೋಡಬೇಕಾಯಿತು. ಇನ್ನಿಬ್ಬರಿಗೆ ಒಂದೊಂದು ರೂಪಾಯಿ ಕಡಮೆ ಹೋಗಿತ್ತು. ಮೇಲಧಿಕಾರಿಗಳಿಗೆ ನಾನೇ ಬರೆದು ಒಪ್ಪಿಸಿದೆ. ಈಗ ಆ ಫಂಕ್ಷನ್ನು ಉತ್ತರ ಹೇಳುವುದಕ್ಕೆ ಮುಂಚೆ, ತನ್ನನ್ನು ಕೊನೆಗೆ ತಿದ್ದಿದ ತಾರೀಖನ್ನೂ ಹೇಳುತ್ತದೆ.