ಲೆಕ್ಕಕ್ಕೆ ಸಿಗದ ನಮ್ಮ ಮಕ್ಕಳು

ಮಗು ಎರಡೂವರೆ ವರ್ಷವಾದರೂ ಮಾತಾಡದಿದ್ದರೆ ನಮ್ಮ ಮನೆಗಳಿಂದ ಮೊದಲು ಹೋಗುವುದು ಊರಿಗೆ ಫೋನ್. "ಅವನ ಬಾಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು, ನೀನು ಬೇಜಾರು ಮಾಡ್ಬೇಡ" ಅಂತ ಉಮ್ಮ ಹೇಳ್ತಾರೆ. ಮನೆಯಲ್ಲಿ ಬ್ಯಾರಿ, ಹೊರಗೆ ಇಂಗ್ಲಿಷ್, ಅದಕ್ಕೇ ಮಗುವಿಗೆ ಗಲಿಬಿಲಿ ಅನ್ನುವವರೂ ಉಂಟು. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ. ಆದರೆ ಈ ಸಮಾಧಾನದ ಮಾತಿನಲ್ಲೇ ಒಂದೆರಡು ವರ್ಷ ಹೋಗಿಬಿಡುತ್ತದೆ.

ಅಟ್ಲಾಂಟಾದಲ್ಲಿ ಕೇಂದ್ರ ಕಚೇರಿಯಿರುವ ಸಿಡಿಸಿಯ ಲೆಕ್ಕದಲ್ಲಿ 2000ದಲ್ಲಿ ಎಂಟು ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು, 2022ರಲ್ಲಿ 31ರಲ್ಲಿ ಒಬ್ಬರಿಗೆ. ಕೇಳಿ ಹೆದರುವ ಮೊದಲು ಲೆಕ್ಕ ಹೇಗೆ ಆಯ್ತು ಅಂತ ನೋಡಬೇಕು. ಯಾರೂ ಮನೆಮನೆಗೆ ಬಂದು ಕೇಳಿದ್ದಲ್ಲ. ಶಾಲೆ, ಆಸ್ಪತ್ರೆಗಳ ದಾಖಲೆ ತೆಗೆದು ಎಣಿಸಿದ್ದು. ದಾಖಲೆ ಇಲ್ಲದ ಮಗು ಲೆಕ್ಕದಲ್ಲೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಣಿಸಿದ ಕಡೆ ಸಾವಿರಕ್ಕೆ 53 ಮಕ್ಕಳು, ಟೆಕ್ಸಸ್‌ನ ಲರೇಡೋದಲ್ಲಿ 10ಕ್ಕೂ ಕಮ್ಮಿ. ಲರೇಡೋದ ಮಕ್ಕಳೇನು ಬೇರೆ ಮಣ್ಣಿನವರಾ? ಪರೀಕ್ಷೆ ಮಾಡುವ ವ್ಯವಸ್ಥೆ ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಹೆಚ್ಚು ಮಕ್ಕಳು ಕಾಣಿಸುತ್ತಾರೆ.

ಇನ್ನೊಂದು ಮಾತು. 2022ರಲ್ಲಿ ಎಣಿಸಿದ್ದು ಬರೀ 16 ಕಡೆ. ಜಾರ್ಜಿಯಾ, ಮೇರಿಲ್ಯಾಂಡ್‌ಗಳ ಕೆಲವು ಕೌಂಟಿಗಳು ಅದರಲ್ಲಿ ಉಂಟು. ವರ್ಜೀನಿಯಾ ಇಲ್ಲ, ಎರಡು ಕೆರೊಲಿನಾಗಳೂ ಇಲ್ಲ. 1972ರಷ್ಟು ಹಿಂದೆಯೇ ಚಾಪೆಲ್ ಹಿಲ್‌ನಲ್ಲಿ ಆಟಿಸಂ ಮಕ್ಕಳಿಗಾಗಿ 'ಟೀಚ್' ಕಾರ್ಯಕ್ರಮ ಶುರುವಾದ ರಾಜ್ಯದ ಸ್ಥಿತಿ ಇದು! ಹಾಗಾಗಿ ರಾಷ್ಟ್ರದ ಸಂಖ್ಯೆಯೊಂದನ್ನೇ ಹಿಡಿದು ಷಾರ್ಲೆಟ್‌ಗೆ ಎಷ್ಟು ಥೆರಪಿಸ್ಟ್ ಬೇಕು ಅಂತ ತೀರ್ಮಾನಿಸಿದರೆ ಅದು ಅಂದಾಜು ಮಾತ್ರ. ಎಷ್ಟು ಪೋಷಕರು ಪರೀಕ್ಷೆ ಕೇಳಿದರು, ಎಷ್ಟು ತಿಂಗಳು ಕಾದರು, ಯಾವ ಭಾಷೆಯ ದುಭಾಷಿ ಸಿಗಲಿಲ್ಲ, ಇದನ್ನು ಪ್ರತಿ ಕೌಂಟಿಯೂ ಎಣಿಸಬೇಕು ಅನ್ನುವುದು ನಮ್ಮ ಒತ್ತಾಯ. 'ಏಷ್ಯನ್' ಅನ್ನುವ ಒಂದೇ ಡಬ್ಬಿಯಲ್ಲಿ ಬ್ಯಾರಿ ಮಗುವನ್ನು ಹುಡುಕುವುದು ಎಲ್ಲಿಂದ?

ತಪ್ಪು ನಮ್ಮದೂ ಉಂಟು. ಶಾಲೆಯ ಫಾರಂನಲ್ಲಿ ಮನೆಭಾಷೆ ಕೇಳಿದರೆ ಸುಮ್ಮನೆ ರಗಳೆ ಬೇಡ ಅಂತ 'ಇಂಗ್ಲಿಷ್' ಬರೆದು ಬರ್ತೇವೆ. 'ಬ್ಯಾರಿ' ಅಂತಲೇ ಬರೆಯಿರಿ. ಮೂರು ವರ್ಷದೊಳಗಿನ ಮಗುವಾದರೆ ಜಾರ್ಜಿಯಾದಲ್ಲಿ 'ಬೇಬೀಸ್ ಕಾಂಟ್ ವೇಟ್', ದಕ್ಷಿಣ ಕೆರೊಲಿನಾದಲ್ಲಿ 'ಬೇಬಿನೆಟ್' ಉಂಟು. ಮೂರು ದಾಟಿದರೆ ನಿಮ್ಮ ಊರಿನ ಪಬ್ಲಿಕ್ ಶಾಲಾ ಡಿಸ್ಟ್ರಿಕ್ಟ್‌ಗೆ ಹೋಗಿ, ಪರೀಕ್ಷೆಗೆ ದುಡ್ಡಿಲ್ಲ. ಮೆಡಿಕೇಡ್‌ಗೆ ವೀಸಾ ಸ್ಥಿತಿ ನೋಡ್ತಾರೆ, ಅದು ಬೇರೆ ವಿಷಯ. ಕಾಗದಪತ್ರ ಸರಿಯಿಲ್ಲ ಅಂತ ಮಗುವಿಗೆ ಪಬ್ಲಿಕ್ ಶಾಲೆ ನಿರಾಕರಿಸುವಂತಿಲ್ಲ, ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಬಾಯಲ್ಲಿ ಕೇಳಿ ಬರಬೇಡಿ, ಪತ್ರ ಬರೆದು ಕೊಡಿ. ಅದರ ಒಂದು ಪ್ರತಿಯ ಮೇಲೆ ಕೊಟ್ಟ ತಾರೀಖು ಬರೆದು ಮನೆಯಲ್ಲಿ ಇಟ್ಟುಕೊಳ್ಳಿ.