ಕಚ್ಚುವ ಮುನ್ನ ಒಂದು ನಮಸ್ಕಾರ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ನಗರದಲ್ಲಿ 1979ರಲ್ಲಿ ನಾಯಿಗಳಿಗೆಂದೇ ಒಂದು ಪಾರ್ಕು ತೆರೆಯಿತು. ಸುತ್ತ ಬೇಲಿ, ಗೇಟು ದಾಟಿ ಒಳಗೆ ಹೋದ ಮೇಲೆ ನಾಯಿಯ ಹಗ್ಗ ಬಿಚ್ಚಿಬಿಡಬಹುದು. ಈಗ ಆ ದೇಶದ ಅನೇಕ ನಗರಗಳಲ್ಲಿ ಇಂಥ ಪಾರ್ಕುಗಳಿವೆ. ಅಲ್ಲಿಗೆ ಮೊದಲ ಸಲ ಹೋದವರಿಗೆ ಎದೆ ಝಲ್ಲೆನ್ನುವುದು ಸಹಜ. ಕರುವಿನಷ್ಟು ಎತ್ತರದ ನಾಯಿಯೊಂದು ಗುರ್ರೆನ್ನುತ್ತ ಪುಟ್ಟ ನಾಯಿಯ ಕತ್ತಿಗೆ ಬಾಯಿ ಹಾಕಿರುತ್ತದೆ. ಇನ್ನೇನು ಕಥೆ ಮುಗಿಯಿತು ಎನ್ನುವಷ್ಟರಲ್ಲಿ ಆ ದೈತ್ಯ ಅಂಗಾತ ಬಿದ್ದುಕೊಂಡು ನಾಲ್ಕೂ ಕಾಲು ಮೇಲೆತ್ತಿರುತ್ತದೆ. ಪುಟ್ಟದು ಅದರ ಕಿವಿ ಹಿಡಿದು ಎಳೆಯುತ್ತಿರುತ್ತದೆ. ಎರಡರ ಯಜಮಾನರೂ ಬೆಂಚಿನ ಮೇಲೆ ಕುಳಿತು ಹರಟೆ ಹೊಡೆಯುತ್ತಿರುತ್ತಾರೆ!

ಇದು ಜಗಳವೋ, ಆಟವೋ? ನೋಡುವವರಿಗೆ ಗೊಂದಲವಾಗುವುದಕ್ಕೆ ಕಾರಣವಿದೆ. ಅಟ್ಟಿಸಿಕೊಂಡು ಹೋಗುವುದು, ಮೇಲೆರಗುವುದು, ಕಚ್ಚುವುದು, ಕಚ್ಚಿ ಕೊಡವುವುದು ಎಲ್ಲವೂ ಬೇಟೆಯಿಂದ ಮತ್ತು ಕಾದಾಟದಿಂದ ಎರವಲು ತಂದ ವರಸೆಗಳು. ಆಟಕ್ಕೆಂದೇ ಬೇರೆ ಹಲ್ಲುಗಳಿಲ್ಲವಲ್ಲ! ಹಾಗಿದ್ದರೆ ಕತ್ತಿಗೆ ಬಂದ ಬಾಯಿ ಆಟದ್ದು ಎಂದು ಆ ಪುಟ್ಟ ನಾಯಿಗೆ ಗೊತ್ತಾಗುವುದು ಹೇಗೆ?

ಉತ್ತರ ಒಂದು ಭಂಗಿಯಲ್ಲಿದೆ. ನೀವೂ ನೋಡಿಯೇ ಇರುತ್ತೀರಿ. ನಾಯಿ ಮುಂಗಾಲುಗಳನ್ನು ಚಾಚಿ, ಎದೆಯನ್ನು ನೆಲಕ್ಕೆ ತಾಗುವಂತೆ ಬಗ್ಗಿಸಿ, ಹಿಂಭಾಗವನ್ನು ಮಾತ್ರ ಮೇಲೆತ್ತಿ ನಿಲ್ಲುತ್ತದೆ. ಇದನ್ನು ‘ಆಟದ ನಮಸ್ಕಾರ’ ಎಂದು ಕರೆಯಬಹುದು. ಕೊಲರಾಡೊ ವಿಶ್ವವಿದ್ಯಾಲಯದ ಮಾರ್ಕ್ ಬೆಕಾಫ್ ನಾಯಿ, ತೋಳ ಹಾಗೂ ಕಯೋಟಿ (ಅಮೆರಿಕದ, ತೋಳದ ಹತ್ತಿರದ ಸಂಬಂಧಿ) ಮರಿಗಳ ಆಟವನ್ನು ಚಿತ್ರೀಕರಿಸಿ ವರ್ಷಗಟ್ಟಲೆ ಪರಿಶೀಲಿಸಿದರು. ಈ ನಮಸ್ಕಾರ ಬರೀ ಆಟಕ್ಕೆ ಕರೆಯಲ್ಲ ಎಂಬುದು 1995ರಲ್ಲಿ ಅವರು ಪ್ರಕಟಿಸಿದ ಲೇಖನದ ತಿರುಳು. ಆಟದ ನಡುವೆಯೂ ನಾಯಿ ಮತ್ತೆ ಮತ್ತೆ ನಮಸ್ಕರಿಸುತ್ತದೆ. ಅದರಲ್ಲೂ ಕಚ್ಚಿ ತಲೆಯನ್ನು ಅತ್ತಿತ್ತ ಕೊಡವುವ ವರಸೆಯ ಸ್ವಲ್ಪ ಮುಂಚೆ ಅಥವಾ ಅದರ ಬೆನ್ನಿಗೇ ಇದು ಹೆಚ್ಚು. ಬೇಟೆಯನ್ನು ಕೊಲ್ಲುವ ವರಸೆಯೂ ಅದೇ ಆದ್ದರಿಂದ ತಪ್ಪು ತಿಳಿವಳಿಕೆಗೆ ಅಲ್ಲಿಯೇ ಅವಕಾಶ ಜಾಸ್ತಿ. “ಈಗ ಮಾಡಿದ್ದು, ಮುಂದೆ ಮಾಡುವುದು ಎರಡೂ ಆಟವೇ ಮಾರಾಯ” ಎಂಬ ಭರವಸೆ ಬೇಕಾಗುವುದೂ ಅಲ್ಲಿಯೇ. ವಾಕ್ಯದಲ್ಲಿ ಅಲ್ಪವಿರಾಮ, ಪೂರ್ಣವಿರಾಮ ಅರ್ಥವನ್ನು ಕಾಪಾಡುತ್ತವಲ್ಲ, ಹಾಗೆ. ಮೊದಲೇ ಜಗಳಗಂಟರಾದ ಕಯೋಟಿ ಮರಿಗಳಲ್ಲಿ ಈ ಎಚ್ಚರಿಕೆ ನಾಯಿಮರಿಗಳಿಗಿಂತ ಹೆಚ್ಚಾಗಿ ಕಂಡಿತು.

ಭರವಸೆ ಕೊಟ್ಟರಷ್ಟೇ ಸಾಲದು, ಎದುರಿನವರು ಅದನ್ನು ನೋಡಬೇಕು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ ಸ್ಯಾನ್ ಡಿಯಾಗೊ ನಗರದಲ್ಲಿ ಹಗ್ಗವಿಲ್ಲದೆ ಆಡುವ ನಾಯಿಜೋಡಿಗಳನ್ನು ವಿಡಿಯೊದಲ್ಲಿ ಹಿಡಿದು, ಅದನ್ನು ತೀರ ನಿಧಾನಗೊಳಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಸೊಗಸಾಗಿದೆ. ಜೊತೆಗಾರ ತನ್ನ ಕಡೆ ಮುಖ ಮಾಡಿದ್ದಾಗಲೇ ನಾಯಿಗಳು ಆಟದ ಸನ್ನೆ ಮಾಡುತ್ತಿದ್ದವು. ಅದು ಬೆನ್ನು ತಿರುಗಿಸಿ ನಿಂತಿದ್ದರೆ? ಮೊದಲು ಮೆಲ್ಲಗೆ ಕಚ್ಚಿ, ಕಾಲಿನಿಂದ ತಟ್ಟಿ, ಮೈಗೆ ಮೈ ತಾಗಿಸಿ ಅಥವಾ ಬೊಗಳಿ ಅದನ್ನು ತಿರುಗಿಸಿಕೊಳ್ಳುವುದು, ಆಮೇಲೆ ಸನ್ನೆ. ಜೊತೆಗಾರ ಹೆಚ್ಚು ಮೈಮರೆತಿದ್ದಷ್ಟೂ ತಟ್ಟುವುದೂ ಜೋರು. ಗೋಡೆಯ ಕಡೆ ಮುಖ ಮಾಡಿದ ಹುಡುಗನಿಗೆ ಕಪ್ಪುಹಲಗೆಯ ಲೆಕ್ಕ ವಿವರಿಸುವವರು ಇದನ್ನು ಗಮನಿಸಬಹುದು.

ಇನ್ನು ಅಂಗಾತ ಬಿದ್ದ ದೈತ್ಯನ ಸಂಗತಿ. ನಾಯಿ ಹೊಟ್ಟೆ ತೋರಿಸಿದರೆ ಸೋಲೊಪ್ಪಿಕೊಂಡಿತು ಎಂಬುದು ಹಳೆಯ ನಂಬಿಕೆ. ಕೆನಡಾದ ಲೆಥ್‌ಬ್ರಿಜ್ ವಿಶ್ವವಿದ್ಯಾಲಯದ ತಂಡವೊಂದು ಆಟದ ನಡುವೆ ನಾಯಿಗಳು ಮಗುಚಿಕೊಳ್ಳುವುದನ್ನು ಒಂದೊಂದಾಗಿ ಪರಿಶೀಲಿಸಿ 2015ರಲ್ಲಿ ಬೇರೆಯೇ ಉತ್ತರ ಕೊಟ್ಟಿತು. ಎದುರಾಳಿಯ ಕಚ್ಚನ್ನು ತಪ್ಪಿಸಿಕೊಳ್ಳಲು, ಕೆಳಗಿನಿಂದಲೇ ತಿರುಗಿ ಬಾಯಿ ಹಾಕಲು, ಆಟ ಮುಂದುವರಿಸಲು ನಾಯಿ ಹೀಗೆ ಮಾಡುತ್ತದೆ. ಶರಣಾಗತಿಯ ಸುಳಿವು ಅಲ್ಲಿ ಕಾಣಲಿಲ್ಲ. ಬಲಶಾಲಿ ತನ್ನ ಬಲವನ್ನು ತಾನೇ ಕಟ್ಟಿಹಾಕಿಕೊಳ್ಳದಿದ್ದರೆ ಪುಟ್ಟ ನಾಯಿ ಆಡುವುದಾದರೂ ಎಷ್ಟು ಹೊತ್ತು? ತಮ್ಮನೊಡನೆ ಓಡುವ ಅಣ್ಣ ಬೇಕೆಂದೇ ಹಿಂದೆ ಬೀಳುವುದಿಲ್ಲವೆ?

ಬಾಲದ ವಿಷಯ ಇಷ್ಟು ಸರಳವಲ್ಲ. ಬಾಲ ಅಲ್ಲಾಡಿಸಿದರೆ ಸ್ನೇಹ ಎಂದು ಮಕ್ಕಳಿಗೆ ಹೇಳಿಕೊಡುವ ತಂದೆತಾಯಿಯರು ಈ ಸಂಗತಿಯನ್ನು ತಿಳಿದಿರಬೇಕು. ಇಟಲಿಯ ವಿಜ್ಞಾನಿಗಳು 2007ರಲ್ಲಿ 30 ನಾಯಿಗಳನ್ನು ಪರೀಕ್ಷಿಸಿದರು. ಯಜಮಾನನನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಹೆಚ್ಚಾಗಿ ವಾಲಿ ಆಡಿತು; ಅಪರಿಚಿತ, ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ. ದೇಹದ ಬಲಭಾಗವನ್ನು ಮಿದುಳಿನ ಎಡ ಅರ್ಧ, ಎಡಭಾಗವನ್ನು ಬಲ ಅರ್ಧ ನಿಯಂತ್ರಿಸುವುದೇ ಇದರ ಮೂಲವಿರಬೇಕು. ಎಡಕ್ಕೆ ಬಾಲ ಬೀಸುವ ನಾಯಿಯ ಚಿತ್ರವನ್ನು ಪರದೆಯ ಮೇಲೆ ಕಂಡ ನಾಯಿಗಳ ಎದೆಬಡಿತ ಏರಿತೆಂದು ಅದೇ ತಂಡ 2013ರಲ್ಲಿ ವರದಿ ಮಾಡಿತು. ಎಡ ಬಲ ನೋಡುವಷ್ಟು ವ್ಯವಧಾನ ಬೀದಿಯಲ್ಲಿ ಯಾರಿಗಿದೆ? ಬಾಲದ ಜೊತೆಗೆ ಮೈಯನ್ನು ನೋಡಿದರೆ ಸಾಕು. ಸೊಂಟವೆಲ್ಲ ಬಳುಕುವಂತೆ ಸಡಿಲವಾಗಿ ಆಡುವ ಬಾಲವೇ ಬೇರೆ. ಮೈ ಮರಗಟ್ಟಿದಂತೆ ಸೆಟೆದು, ಕಣ್ಣು ನೆಟ್ಟು, ಎತ್ತಿ ಹಿಡಿದ ಬಾಲದ ತುದಿಯನ್ನಷ್ಟೇ ಚುರುಕಾಗಿ ಅದುರಿಸುವ ನಾಯಿಯ ಬಳಿ ಮಗು ಕೈ ಚಾಚಬಾರದು. ಕಚ್ಚಿದರೆ, ಪರಚಿ ಗಾಯವಾದರೂ ಸರಿ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಹಚ್ಚುತ್ತ ಕೂರುವಂತಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್ ಬಹುಮಟ್ಟಿಗೆ ಮಾರಕ. ಅದಕ್ಕೂ ಮೊದಲೇ ಲಸಿಕೆ ಮೈಯೊಳಗೆ ಕೆಲಸ ಆರಂಭಿಸಿರಬೇಕು.

ಆಟದ ನಮಸ್ಕಾರ ನೋಡಲು ಪಾರ್ಕೇ ಆಗಬೇಕೆಂದಿಲ್ಲ. ಚಳಿಗಾಲದಲ್ಲಿ ಬೀದಿಯ ಮೂಲೆಯಲ್ಲಿ, ಮರಳಿನ ಗುಡ್ಡೆಯ ಮೇಲೆ ಮರಿಗಳ ಗುಂಪು ಕಂಡರೆ ದೂರದಿಂದಲೇ ಹತ್ತು ನಿಮಿಷ ನಿಂತು ಎಣಿಸಬಹುದು. ತಾಯಿನಾಯಿ ಹತ್ತಿರದಲ್ಲೇ ಇರುತ್ತದೆ ಎಂಬುದು ನೆನಪಿರಲಿ.

ಪಾರ್ಕಿಗೆ ನಾಯಿ ಕರೆತರುವ ಅನುಭವಸ್ಥರು, ಆಟ ಅತಿಯಾಯಿತೆಂಬ ಅನುಮಾನ ಬಂದಾಗ ಕೂಗಾಡುವುದಿಲ್ಲ. ಮೇಲೆ ಬಿದ್ದಿರುವ ನಾಯಿಯನ್ನಷ್ಟೇ ಕರೆದು ಒಂದು ಕ್ಷಣ ಹಿಡಿದು ನಿಲ್ಲಿಸುತ್ತಾರೆ. ಕೆಳಗಿದ್ದದ್ದು ಎದ್ದು ಮೈ ಕೊಡವಿಕೊಳ್ಳುತ್ತದೆ. ಆಮೇಲೆ ಅದು ಯಜಮಾನನ ಕಾಲ ಸಂದಿಗೆ ನುಸುಳಿದರೆ ಅಂದಿನ ಆಟ ಮುಗಿಯಿತು. ತಾನಾಗಿಯೇ ಓಡಿಬಂದು, ಹಿಡಿದು ನಿಲ್ಲಿಸಿದ ದೈತ್ಯನ ಮುಂದೆ ಮುಂಗಾಲು ಚಾಚಿ ಎದೆ ಬಗ್ಗಿಸಿದರೆ, ಹಿಡಿದ ಕೈ ಬಿಟ್ಟುಬಿಡಬಹುದು.